ವಕೀಲಿಯಿಂದ ವಚನದೆಡೆಗೆ: ಹಳಕಟ್ಟಿಯವರು ಆಯ್ದುಕೊಂಡ ಕಾಯಕ

ಪ್ರತಿವರ್ಷ ಜುಲೈ 2ರಂದು ನಾಡಿನ ಅನೇಕ ಕಡೆಗಳಲ್ಲಿ ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರ ಜಯಂತಿ ನೆರವೇರುತ್ತದೆ. ಅಂದು ವೇದಿಕೆಗಳಿಂದ ಕೇಳಿಬರುವ ಮಾತುಗಳಲ್ಲಿ ತ್ಯಾಗ ಎಂಬ ಪದಕ್ಕೆ ಅಗ್ರಸ್ಥಾನ. ವಕೀಲಿ ವೃತ್ತಿಯನ್ನು ತ್ಯಾಗ ಮಾಡಿದರು, ಸ್ವಂತ ಮನೆಯನ್ನು ತ್ಯಾಗ ಮಾಡಿದರು, ಸುಖವನ್ನು ತ್ಯಾಗ ಮಾಡಿದರು ಎಂದು ನಾವೆಲ್ಲರೂ ಹೇಳುತ್ತೇವೆ, ಕೇಳುತ್ತೇವೆ, ಕೈಮುಗಿಯುತ್ತೇವೆ. ಈ ಮಾತು ಸುಳ್ಳಲ್ಲ. ಆದರೂ ಅವರ ಬದುಕಿನ ಘಟನೆಗಳನ್ನು ಒಂದರ ಮುಂದೊಂದಾಗಿ ಇಟ್ಟು ನೋಡಿದಾಗ, ತ್ಯಾಗ ಎಂಬ ಒಂದೇ ಪದದಲ್ಲಿ ಆ ಬದುಕು ಅಡಗುವುದಿಲ್ಲ ಎಂದು ನಮಗೆ ಅನಿಸುತ್ತದೆ. ಹಣ ತರುವ ವಿದ್ಯೆ ಅವರ ಕೈಯಲ್ಲಿತ್ತು. ಮನಸ್ಸನ್ನು ಅರಳಿಸುವ ಕೆಲಸವೊಂದು ಅವರ ಕಣ್ಣಿಗೆ ಬಿತ್ತು. ಎರಡರ ನಡುವೆ ಅವರು ಎರಡನೆಯದನ್ನು ತಿಳಿದೂ ತಿಳಿದೂ ಆಯ್ದುಕೊಂಡರು. ಆ ಆಯ್ಕೆ ಹೇಗೆ ರೂಪುಗೊಂಡಿತು, ಅದಕ್ಕೆ ಅವರು ತೆತ್ತ ಬೆಲೆಯೇನು, ಅದರಿಂದ ನಮಗೆ ದಕ್ಕಿದ್ದೇನು ಎಂಬುದನ್ನು ಈ ಲೇಖನದಲ್ಲಿ ಸದ್ಭಕ್ತರ ಮುಂದೆ ಇಡಬಯಸುತ್ತೇವೆ.

ಧಾರವಾಡದ ಬಾಲ್ಯ

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಅವರದು ನೇಕಾರರ ಮನೆತನ. ತಂದೆ ಗುರುಬಸಪ್ಪನವರು ವೃತ್ತಿಯಿಂದ ಶಿಕ್ಷಕರು, ಪ್ರವೃತ್ತಿಯಿಂದ ಬರಹಗಾರರು. ದೇಶವಿದೇಶಗಳ ಇತಿಹಾಸವನ್ನೂ ಮಹಾಪುರುಷರ ಚರಿತ್ರೆಯನ್ನೂ ಕನ್ನಡದಲ್ಲಿ ಓದುವಂತಾಗಬೇಕೆಂದು ಬಯಸಿ ಆ ಬಗೆಯ ಪುಸ್ತಕಗಳನ್ನು ರಚಿಸಿದವರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕ ಅಜ್ಜಿಯ ಆರೈಕೆಯಲ್ಲಿ, ತಂದೆಯ ಪುಸ್ತಕಗಳ ನಡುವೆ ಬೆಳೆದನು.

ಆ ಕಾಲದ ಧಾರವಾಡವನ್ನು ನಾವು ನೆನಪಿಸಿಕೊಳ್ಳಬೇಕು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಕನ್ನಡ ಮನೆಯ ಮಾತಾಗಿತ್ತೇ ಹೊರತು ಕಚೇರಿಯಲ್ಲಿ, ವಿದ್ಯಾವಂತರ ಕೂಟದಲ್ಲಿ ಅದಕ್ಕೆ ತಕ್ಕ ಮನ್ನಣೆಯಿರಲಿಲ್ಲ. ಈ ಕೊರತೆಯನ್ನು ನೀಗಲೆಂದೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ತಲೆಯೆತ್ತಿತು. ಆಗ ಫಕೀರಪ್ಪನಿಗೆ ಹತ್ತು ವರ್ಷ. ಕನ್ನಡಕ್ಕಾಗಿ ದುಡಿಯುವುದೂ ಒಂದು ಕೆಲಸ, ಅದನ್ನು ಸಂಬಳದ ಲೆಕ್ಕವಿಲ್ಲದೆ ಮಾಡುವವರೂ ಇದ್ದಾರೆ ಎಂಬುದು ಅವನ ಊರಿನಲ್ಲೇ, ಅವನ ಮನೆಯಲ್ಲೇ ಕಾಣುತ್ತಿತ್ತು. ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ನಡೆಯನ್ನೇ ಹೆಚ್ಚು ಗಮನಿಸುತ್ತಾರೆ. ಶಾಲೆಯ ಕೆಲಸ ಮುಗಿಸಿ ಬಂದು ಬರವಣಿಗೆಗೆ ಕೂರುವ ತಂದೆಯನ್ನು ಕಂಡ ಮಗನಿಗೆ, ಕೆಲಸವೆಂದರೆ ಬರೀ ಸಂಪಾದನೆಯಲ್ಲ ಎಂಬ ತಿಳಿವಳಿಕೆಗೆ ಬೇರೆ ಗುರು ಬೇಕಾಗಿರಲಿಲ್ಲ.

ಮುಂಬಯಿಯ ವಿದ್ಯಾಭ್ಯಾಸ

1896ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿದ ಹಳಕಟ್ಟಿಯವರು ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಮುಂದೆ ಕರ್ನಾಟಕದ ಕುಲಪುರೋಹಿತರೆಂದು ಹೆಸರಾದ ಆಲೂರು ವೆಂಕಟರಾಯರ ಒಡನಾಟ ಅವರಿಗೆ ಅಲ್ಲಿ ದೊರೆಯಿತು. ಗುಜರಾತಿಗಳಿಗೂ ಮರಾಠಿಗರಿಗೂ ತಮ್ಮ ತಮ್ಮ ಭಾಷೆ ಸಾಹಿತ್ಯಗಳ ಮೇಲಿದ್ದ ಅಭಿಮಾನವನ್ನು ಆ ಮಹಾನಗರದಲ್ಲಿ ಕಣ್ಣಾರೆ ಕಂಡ ಕನ್ನಡದ ತರುಣರಿಗೆ ತಮ್ಮ ನಾಡಿನ ಸ್ಥಿತಿ ಚುಚ್ಚದಿರಲಿಲ್ಲ. 1901ರಲ್ಲಿ ಬಿ.ಎಸ್‌ಸಿ. ಪದವಿ, 1904ರಲ್ಲಿ ಎಲ್‌ಎಲ್.ಬಿ. ಪದವಿ ಅವರ ಕೈಸೇರಿದವು.

ಇಂದಿನ ಓದುಗರಿಗೆ ಈ ಎರಡು ಪದವಿಗಳ ಬೆಲೆ ಸುಲಭವಾಗಿ ಅರಿವಾಗಲಾರದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಭಾಗದಲ್ಲಿ ಪದವೀಧರರೇ ವಿರಳ. ವಿಜ್ಞಾನ ಪದವಿಯ ಜೊತೆಗೆ ಕಾನೂನು ಪದವಿಯನ್ನೂ ಪಡೆದ ನೇಕಾರ ಮನೆತನದ ತರುಣನೆಂದರೆ ಊರಿಗೆ ಊರೇ ತಿರುಗಿ ನೋಡುವ ಸಂಗತಿ. ಸರ್ಕಾರಿ ಹುದ್ದೆಯ ಬಾಗಿಲು ತೆರೆದಿತ್ತು. ವಕೀಲಿ ವೃತ್ತಿಯಂತೂ ಆಗ ಸಂಪತ್ತಿಗೂ ಸಾರ್ವಜನಿಕ ಪ್ರತಿಷ್ಠೆಗೂ ರಾಜಮಾರ್ಗವಾಗಿತ್ತು. ಹಳಕಟ್ಟಿಯವರು ಆ ಮಾರ್ಗವನ್ನೇ ಹಿಡಿದರು. ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಸ್ವಲ್ಪ ಕಾಲದಲ್ಲಿಯೇ ಅಂದಿನ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂದು ನೆಲೆಸಿದರು. ಆ ಊರೇ ಅವರ ಕೊನೆಯ ಉಸಿರಿನವರೆಗೆ ಅವರ ಕರ್ಮಭೂಮಿಯಾಯಿತು.

ಬನಹಟ್ಟಿಯ ತಾಡೋಲೆಗಳು

ವಕೀಲಿಗೆ ಕಾಲಿಡುವ ಮೊದಲೇ ಅವರ ಬದುಕಿನಲ್ಲಿ ಇನ್ನೊಂದು ಘಟನೆ ನಡೆದುಹೋಗಿತ್ತು. ಅವರ ಮಾವ ತಮ್ಮಣ್ಣಪ್ಪ ಚಿಕ್ಕೋಡಿಯವರು ಸಾಹಿತ್ಯಾಸಕ್ತರಾದ ಗಣ್ಯರು. ರಬಕವಿ ಬನಹಟ್ಟಿಯ ಕಡೆಗೆ ಹೋದ ಸಂದರ್ಭದಲ್ಲಿ, 1903ರ ಸುಮಾರಿಗೆ, ಅಲ್ಲಿಯ ಮಂಚಾಲೆ ಮನೆತನದಲ್ಲಿದ್ದ ತಾಡೋಲೆಯ ಕಟ್ಟುಗಳನ್ನು ನೋಡುವ ಅವಕಾಶ ಹಳಕಟ್ಟಿಯವರಿಗೆ ಒದಗಿತು. ಅವುಗಳಲ್ಲಿ ಪ್ರಭುದೇವರ ವಚನಗಳೂ ಷಟ್‌ಸ್ಥಲದ ಗ್ರಂಥಗಳೂ ಇದ್ದವು. ಇಪ್ಪತ್ತಮೂರರ ಆಸುಪಾಸಿನ ಆ ತರುಣನ ಮನಸ್ಸು ಅಲ್ಲಿ ನೆಟ್ಟಿತು. ಮುಂದಿನ ಅರುವತ್ತು ವರ್ಷ ಅದು ಅಲ್ಲಿಂದ ಕದಲಲಿಲ್ಲ.

ಅಂದು ವಚನಗಳ ಸ್ಥಿತಿ ಹೇಗಿತ್ತು ಎಂಬುದನ್ನು ಇಲ್ಲಿ ಹೇಳುವುದು ಅವಶ್ಯ. ಹನ್ನೆರಡನೆಯ ಶತಮಾನದ ಶರಣರ ನುಡಿಗಳು ಅಲ್ಲೊಂದು ಇಲ್ಲೊಂದು ಅಚ್ಚಾಗಿದ್ದರೂ ಬಹುಪಾಲು ತಾಡೋಲೆಗಳಲ್ಲಿಯೇ ಉಳಿದಿದ್ದವು. ಮಠಗಳಲ್ಲಿ, ಭಕ್ತರ ಮನೆಯ ಜಗಲಿಗಳ ಮೇಲೆ, ಅಟ್ಟಗಳಲ್ಲಿ ಆ ಕಟ್ಟುಗಳಿರುತ್ತಿದ್ದವು. ಅವಕ್ಕೆ ವಿಭೂತಿ ಹಚ್ಚಿ ಪೂಜಿಸುವವರಿದ್ದರು. ಬಿಚ್ಚಿ ಓದುವವರು ಕಡಿಮೆಯಾಗಿದ್ದರು. ಗೆದ್ದಲು, ಹುಳು, ತೇವ ಇವು ಮೂರೂ ತಮ್ಮ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದವು. ಪೂಜೆಯೇ ಕಾಪಾಡುತ್ತದೆಂದು ನಂಬಿದ್ದವರ ಮನೆಯಲ್ಲಿಯೇ ಗರಿಗಳು ಪುಡಿಯಾಗುತ್ತಿದ್ದವು. ಇನ್ನೊಂದೆರಡು ತಲೆಮಾರು ಹೀಗೆಯೇ ಕಳೆದಿದ್ದರೆ ನಮ್ಮ ಪಾಲಿಗೆ ಎಷ್ಟು ಉಳಿಯುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ.

ತಾಡೋಲೆಯನ್ನು ಓದುವುದು ಪುಸ್ತಕ ಓದಿದಂತಲ್ಲ. ಕಂಟದಿಂದ ಕೊರೆದ ಅಕ್ಷರಗಳಿಗೆ ಮಸಿ ಲೇಪಿಸಿದರೆ ಮಾತ್ರ ಅವು ಕಣ್ಣಿಗೆ ಕಾಣುತ್ತವೆ. ಪದ ಪದಗಳ ನಡುವೆ ತೆರಪಿಲ್ಲ; ವಾಕ್ಯ ಎಲ್ಲಿ ಮುಗಿಯಿತೆಂಬ ಗುರುತು ಇರುವುದು ಅಪರೂಪ. ಹ್ರಸ್ವ ದೀರ್ಘಗಳ ಭೇದವನ್ನು ಓದುಗನೇ ಅರ್ಥ ನೋಡಿ ನಿರ್ಣಯಿಸಬೇಕು. ಒಬ್ಬ ಲಿಪಿಕಾರನು ಬಿಟ್ಟ ಸಾಲನ್ನು ಇನ್ನೊಂದು ಪ್ರತಿಯಲ್ಲಿ ಹುಡುಕಬೇಕು. ದಾರ ಹರಿದು ಗರಿಗಳ ಕ್ರಮ ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಕೊನೆಗೆ ಅಂಕಿತವನ್ನು ಹಿಡಿದು ಇದು ಯಾವ ಶರಣರ ವಚನವೆಂದು ವಿಂಗಡಿಸಬೇಕು. ಒಂದೊಂದು ಗರಿಯೂ ಗಂಟೆಗಟ್ಟಲೆ ಕಾಲವನ್ನು ಬೇಡುತ್ತದೆ. ಇದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಮಾಡದಿದ್ದರೆ ಯಾರೂ ಕೇಳುತ್ತಲೂ ಇರಲಿಲ್ಲ. ಬರಿಯ ಕರ್ತವ್ಯವೆಂದು ಹಲ್ಲುಕಚ್ಚಿಕೊಂಡು ಇಂತಹ ಕೆಲಸವನ್ನು ಮನುಷ್ಯನು ಒಂದೆರಡು ವರ್ಷ ಮಾಡಿಯಾನು. ಅರುವತ್ತು ವರ್ಷ ಮಾಡಬೇಕಾದರೆ ಅದರಲ್ಲಿ ಅವನಿಗೆ ರುಚಿ ಸಿಕ್ಕಿರಬೇಕು. ಹಳಕಟ್ಟಿಯವರಿಗೆ ಸಿಕ್ಕಿದ್ದು ಆ ರುಚಿ ಎಂದು ನಾವು ಭಾವಿಸುತ್ತೇವೆ.

ಎರಡು ದಶಕಗಳ ಸಿದ್ಧತೆ

ಮನಸ್ಸು ಹಿಡಿಸಿದ ಕೆಲಸ ಸಿಕ್ಕೊಡನೆ ಹಳಕಟ್ಟಿಯವರು ವಕೀಲಿಯನ್ನು ಒಂದೇ ದಿನದಲ್ಲಿ ಬಿಟ್ಟು ಹೊರಟವರಲ್ಲ. ಈ ಅಂಶವನ್ನು ಜಯಂತಿಯ ಭಾಷಣಗಳಲ್ಲಿ ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. 1904ರಿಂದ ಮುಂದೆ ಸುಮಾರು ಎರಡು ದಶಕಗಳ ಕಾಲ ಅವರು ವಕೀಲಿಯನ್ನೂ ವಚನಸಂಗ್ರಹವನ್ನೂ ಜೊತೆಜೊತೆಯಾಗಿಯೇ ನಡೆಸಿದರು. ಒಂದು ಅನ್ನ ಕೊಡುತ್ತಿತ್ತು, ಇನ್ನೊಂದು ಆನಂದ ಕೊಡುತ್ತಿತ್ತು. ವಕೀಲಿಯ ಗಳಿಕೆಯಲ್ಲಿಯೇ ಊರೂರು ತಿರುಗಿದರು, ಪ್ರತಿಗಳನ್ನು ಸಂಪಾದಿಸಿದರು, ನಕಲು ಮಾಡಿದರು. 1920ರ ಹೊತ್ತಿಗೆ ಅವರ ಬಳಿ ಸುಮಾರು 1,000 ತಾಡೋಲೆ ಗ್ರಂಥಗಳು ಸೇರಿದ್ದವು. ತಲೆಮಾರುಗಳಿಂದ ಪೂಜೆಗೊಳ್ಳುತ್ತಿದ್ದ ಕಟ್ಟನ್ನು ಪರರ ಕೈಗೆ ಕೊಡಲು ಯಾವ ಮನೆಯವರೂ ಸುಲಭವಾಗಿ ಒಪ್ಪುವುದಿಲ್ಲ. ಅವರ ನಂಬಿಕೆಯನ್ನು ಗಳಿಸುವುದೇ ಒಂದು ದೊಡ್ಡ ಸಾಧನೆ.

ಈ ಎರಡು ದಶಕಗಳಲ್ಲಿ ಅವರು ಸಮಾಜವನ್ನೂ ಮರೆಯಲಿಲ್ಲ. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೆ ಮುಂದಾದರು. ಅದೇ ಇಂದು ಬಿ.ಎಲ್.ಡಿ.ಇ. ಸಂಸ್ಥೆಯೆಂದು ದೇಶಕ್ಕೆ ಪರಿಚಿತವಾಗಿದೆ. 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನು ಕಟ್ಟಿದರು. ಬರಗಾಲಕ್ಕೆ ಹೆಸರಾದ ಆ ಜಿಲ್ಲೆಯಲ್ಲಿ ರೈತರು ಮತ್ತು ನೇಕಾರರು ಬಡ್ಡಿಯ ಹೊರೆಯಲ್ಲಿ ನಲುಗುತ್ತಿದ್ದುದನ್ನು ಕಂಡು ಸಹಕಾರ ತತ್ತ್ವದ ಸಂಘಗಳಿಗೆ ನೆರವಾದರು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿಯೂ ಕೆಲಸ ಮಾಡಿದರು. ಹಣದ ವ್ಯವಹಾರವನ್ನು ಅರಿಯದ, ಲೋಕದ ಪರಿವೆಯಿಲ್ಲದ ಭಾವುಕರು ಅವರಾಗಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು. ಬೇರೆಯವರಿಗಾಗಿ ಬ್ಯಾಂಕು ಕಟ್ಟಬಲ್ಲವರಿಗೆ ತಮಗಾಗಿ ಆಸ್ತಿ ಮಾಡಿಕೊಳ್ಳುವುದು ಕಷ್ಟದ ಮಾತಾಗಿರಲಿಲ್ಲ. ಹಣದ ಶಕ್ತಿ ಎಷ್ಟು, ಮಿತಿ ಎಷ್ಟು ಎರಡನ್ನೂ ಬಲ್ಲವರಾಗಿಯೇ ಅವರು ತಮ್ಮ ದಾರಿಯನ್ನು ಆರಿಸಿಕೊಂಡರು.

ವಿಜ್ಞಾನ ಮತ್ತು ಕಾನೂನು ಅಧ್ಯಯನಗಳು ವ್ಯರ್ಥವಾದವೇ ಎಂದು ಕೆಲವರು ಕೇಳಬಹುದು. ವ್ಯರ್ಥವಾಗಲಿಲ್ಲ. ಹಲವು ಸಾಕ್ಷಿಗಳ ಹೇಳಿಕೆಗಳನ್ನು ಹೋಲಿಸಿ ಸತ್ಯವನ್ನು ಬೇರ್ಪಡಿಸುವುದು ವಕೀಲರ ಅಭ್ಯಾಸ. ಹಲವು ಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನು ನಿರ್ಣಯಿಸುವುದು ಸಂಪಾದಕರ ಕೆಲಸ. ವಸ್ತುಗಳನ್ನು ಗುಣಾನುಸಾರ ವರ್ಗೀಕರಿಸುವುದು ವಿಜ್ಞಾನಿಯ ಕ್ರಮ. ವಚನಗಳನ್ನು ವಿಷಯಾನುಸಾರ, ಸ್ಥಲಾನುಸಾರ ವಿಂಗಡಿಸಿದ್ದು ಹಳಕಟ್ಟಿಯವರ ಕ್ರಮ. ಹೊಟ್ಟೆಪಾಡಿಗೆಂದು ಕಲಿತ ವಿದ್ಯೆಯನ್ನೂ ಅವರು ತಮ್ಮ ಪ್ರೀತಿಯ ಕೆಲಸಕ್ಕೆ ದುಡಿಸಿಕೊಂಡರು.

ವಚನಶಾಸ್ತ್ರಸಾರ ಮತ್ತು ಹಿತಚಿಂತಕ ಮುದ್ರಣಾಲಯ

ಸಂಗ್ರಹವಾದುದನ್ನು ಲೋಕಕ್ಕೆ ಮುಟ್ಟಿಸುವುದು ಮುಂದಿನ ಹೆಜ್ಜೆ. ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು 1922ರಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿ ಅವರು ವಿದ್ವತ್‌ಲೋಕದ ಗಮನವನ್ನು ಸೆಳೆದರು. ಕನ್ನಡದಲ್ಲಿ ಅವರು ಸಿದ್ಧಪಡಿಸಿದ ಮಹಾಸಂಕಲನವೇ ವಚನಶಾಸ್ತ್ರಸಾರ. ಅದರ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಆಗಿನ ಕಾಲಕ್ಕೆ ಕನ್ನಡ ಮುದ್ರಣದಲ್ಲಿ ಅದಕ್ಕಿದ್ದ ಹೆಸರು ದೊಡ್ಡದು. ಆದರೆ ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿ ಬಂತು. ಎದೆಗುಂದದೆ ಬೆಳಗಾವಿಯ ಮುದ್ರಣಾಲಯವೊಂದನ್ನು ಹಿಡಿದು 1923ರಲ್ಲಿ ಮೊದಲ ಭಾಗವನ್ನು ಹೊರತಂದರು. ವಚನಗಳ ಇತಿಹಾಸದಲ್ಲಿ ಆ ವರ್ಷ ಒಂದು ಮೈಲಿಗಲ್ಲು. ಮನೆಯ ಜಗಲಿಯ ಮೇಲೆ ಮುಚ್ಚಿಟ್ಟಿದ್ದ ಸಂಪತ್ತು ಓದುಬಲ್ಲ ಯಾರ ಕೈಗಾದರೂ ಸಿಗುವಂತಾಯಿತು.

ಪ್ರತಿ ಪುಸ್ತಕಕ್ಕೂ ಬೇರೆ ಊರಿನ ಮುದ್ರಣಾಲಯದ ಬಾಗಿಲು ಕಾಯುತ್ತಿದ್ದರೆ ಕೆಲಸ ಮುಗಿಯುವುದಿಲ್ಲವೆಂಬುದು ಅವರಿಗೆ ಮನವರಿಕೆಯಾಯಿತು. 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಆ ವೇಳೆಗೆ ಅವರಿಗೆ ನಲವತ್ತೈದು ವರ್ಷ. ಸಾಮಾನ್ಯವಾಗಿ ಮನುಷ್ಯನು ಮನೆ ಕಟ್ಟಿಸುವ ವಯಸ್ಸಿನಲ್ಲಿ ಅವರು ಇದ್ದ ಮನೆಯನ್ನು ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಅಲ್ಲಿಂದ ಹೊರಬಂದವು. ಕ್ರಮೇಣ ವಕೀಲಿ ಹಿಂದೆ ಸರಿಯಿತು; ವಚನದ ಕೆಲಸವೇ ಅವರ ವೃತ್ತಿಯೂ ಆಯಿತು, ಕಾಯಕವೂ ಆಯಿತು.

ಮುದ್ರಣಾಲಯವೆಂದರೆ ಆಗ ಒಂದೊಂದು ಅಚ್ಚಿನ ಮೊಳೆಯನ್ನೂ ಕೈಯಿಂದ ಜೋಡಿಸುವ ಕಾಲ. ಕನ್ನಡದ ಒತ್ತಕ್ಷರಗಳು ಆ ಕೆಲಸವನ್ನು ಇನ್ನಷ್ಟು ನಿಧಾನಗೊಳಿಸುತ್ತವೆ. ಕರಡು ತಿದ್ದುವುದು, ಕಾಗದ ಹೊಂದಿಸುವುದು, ಚಂದಾದಾರರಿಗೆ ಅಂಚೆಯಲ್ಲಿ ಕಳುಹಿಸುವುದು, ಬಾರದ ಚಂದಾಹಣಕ್ಕೆ ಕಾಯುವುದು, ಇವೆಲ್ಲ ಪತ್ರಿಕೆ ನಡೆಸುವವರ ನಿತ್ಯದ ಪಾಡು. ಶಿವಾನುಭವ ಪತ್ರಿಕೆಯನ್ನು ಅವರು ಸುಮಾರು ಮೂರೂವರೆ ದಶಕಗಳ ಕಾಲ ನಡೆಸಿದರು. ಬಸವಣ್ಣನವರ ವಚನಗಳು, ಶೂನ್ಯಸಂಪಾದನೆ, ಹರಿಹರನ ರಗಳೆಗಳು ಹೀಗೆ ಒಂದರ ಹಿಂದೊಂದು ಗ್ರಂಥಗಳು ಅವರ ಸಂಪಾದಕತ್ವದಲ್ಲಿ ಬೆಳಕು ಕಂಡವು. ಅವರು ಕೆಲಸಕ್ಕೆ ಕೈಹಾಕಿದಾಗ ವಿದ್ವಾಂಸರಿಗೆ ಪರಿಚಿತರಾಗಿದ್ದ ವಚನಕಾರರು ಐವತ್ತರಷ್ಟು ಮಂದಿ. ಹಳಕಟ್ಟಿಯವರ ಶೋಧನೆಯಿಂದ ಆ ಸಂಖ್ಯೆ 250ನ್ನು ಮೀರಿತು. ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿಯರಂತಹ ಪ್ರಸಿದ್ಧರ ಜೊತೆಗೆ, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ದನ ಕಾಯುವವರು, ಕಸ ಗುಡಿಸುವವರು ಹೀಗೆ ನಾನಾ ಕಾಯಕದ ಶರಣ ಶರಣೆಯರಿಗೆ ಪುಸ್ತಕದ ಪುಟದಲ್ಲಿ ಸ್ಥಾನ ದೊರೆಯಿತು.

ತೆತ್ತ ಬೆಲೆ

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅರ್ಧಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಇಷ್ಟಪಟ್ಟ ಕೆಲಸವನ್ನು ಹಿಡಿದವರಿಗೆ ಎಲ್ಲವೂ ತಾನಾಗಿಯೇ ಒದಗಿಬರುತ್ತದೆಂಬ ಮಾತನ್ನು ಇತ್ತೀಚೆಗೆ ಬಹಳ ಕೇಳುತ್ತೇವೆ. ಹಳಕಟ್ಟಿಯವರ ಬದುಕು ಹಾಗೆ ಹೇಳುವುದಿಲ್ಲ. ಅವರಿಗೆ ಎಲ್ಲವೂ ಒದಗಿಬರಲಿಲ್ಲ. ಮನೆ ಹೋಯಿತು, ಬಾಡಿಗೆಯ ಮನೆಯಲ್ಲಿ ಬದುಕು ಸಾಗಿತು. ಪತ್ರಿಕೆಯಿಂದಲೂ ಪುಸ್ತಕಗಳಿಂದಲೂ ಲಾಭ ಬರಲಿಲ್ಲ. ರಾವ್‌ಬಹಾದ್ದೂರ್ ಎಂಬ ಬಿರುದು ಹೊತ್ತ ಹಿರಿಯರು ಬಡತನದಲ್ಲಿಯೇ ಮುಪ್ಪನ್ನು ಕಂಡರು. ಒಂದು ಕಾಲಕ್ಕೆ ಅದೇ ನ್ಯಾಯಾಲಯದ ಆವರಣದಲ್ಲಿ ಅವರ ಸರಿಸಮಾನರಾಗಿ ವಾದಿಸುತ್ತಿದ್ದವರ ಸಂಪಾದನೆಯನ್ನು ಅವರು ನಿತ್ಯ ನೋಡುತ್ತಿದ್ದ ಊರದು.

ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ ಎಂಬುದನ್ನೂ ನಾವು ನೆನೆಯಬೇಕು. ಅವರ ಧರ್ಮಪತ್ನಿ ಭಾಗೀರಥಿಯವರು ಗಣ್ಯ ಮನೆತನದಲ್ಲಿ ಹುಟ್ಟಿ ಬೆಳೆದವರು. ಪದವೀಧರ ವಕೀಲರ ಕೈಹಿಡಿದವರು. ಮನೆ ಮಾರಿ ಅಚ್ಚಿನ ಯಂತ್ರ ತಂದ ದಿನ ಮನೆಯೊಳಗಿನ ಲೆಕ್ಕವೆಲ್ಲ ಬದಲಾಗಿರಬೇಕು. ಪತಿಯ ಆನಂದದ ಕೆಲಸ ಸತಿಗೆ ಕೊರತೆಯ ಸಂಸಾರವಾಗುವುದು ಲೋಕದಲ್ಲಿ ಅಪರೂಪವಲ್ಲ. ಜಯಂತಿಯ ವೇದಿಕೆಗಳಲ್ಲಿ ಭಾಗೀರಥಿಯವರ ಹೆಸರು ಕೇಳಿಬರುವುದು ಬಹಳ ಕಡಿಮೆ. ಮುಂದಿನ ಜಯಂತಿಯಿಂದಲಾದರೂ ಆ ತಾಯಿಯನ್ನು ಸ್ಮರಿಸುವ ಪರಿಪಾಠ ಎಲ್ಲೆಡೆ ಬರಲಿ ಎಂದು ಆಶಿಸುತ್ತೇವೆ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಹಳಕಟ್ಟಿಯವರು ಬಡತನವನ್ನು ಬಯಸಿ ಹೋಗಲಿಲ್ಲ. ವಚನದ ಕೆಲಸವನ್ನು ಬಯಸಿ ಹೋದರು. ಬಡತನ ಅದರ ಬೆನ್ನಿಗೆ ಬಂದದ್ದು ಸಮಾಜ ಪುಸ್ತಕ ಕೊಳ್ಳದಿದ್ದುದರಿಂದ, ಚಂದಾ ಸಲ್ಲಿಸದಿದ್ದುದರಿಂದ, ಇಂತಹ ಕೆಲಸಕ್ಕೂ ಅನ್ನ ಬೇಕೆಂಬುದನ್ನು ಅರಿಯದಿದ್ದುದರಿಂದ. ನಾವು ತ್ಯಾಗವೆಂದು ಹೊಗಳುವುದರಲ್ಲಿ ಒಂದು ಪಾಲು ನಮ್ಮ ಹಿರಿಯರ ಉದಾಸೀನವೂ ಸೇರಿದೆ. ಹೊಗಳಿಕೆಯಿಂದ ಆ ಬಾಕಿ ತೀರುವುದಿಲ್ಲ.

ಮನ್ನಣೆ ಮತ್ತು ಲಿಂಗೈಕ್ಯ

ಮನ್ನಣೆ ಅವರಿಗೆ ದೊರೆಯಲೇ ಇಲ್ಲವೆಂದಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. 1928ರಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಹಂಚಿಹೋಗಿದ್ದ ನಾಡು 1956ರಲ್ಲಿ ಒಂದುಗೂಡಿದ್ದನ್ನು ಅವರು ಕಣ್ಣಾರೆ ಕಂಡರು. ಅದೇ ವರ್ಷ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತು ತಾನೂ ಗೌರವ ಪಡೆಯಿತು. ಆ ವೇಳೆಗೆ ಅವರ ವಯಸ್ಸು ಎಪ್ಪತ್ತಾರು. ಕನ್ನಡಿಗರು ಅವರನ್ನು ವಚನ ಪಿತಾಮಹರೆಂದು ಕರೆದರು. ವಚನಗಳಿಗೆ ಮರುಹುಟ್ಟು ಕೊಟ್ಟವರಿಗೆ ಅದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ.

1964ರ ಜೂನ್ 29ರಂದು, ಎಂಬತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ಮೂರು ದಿನಗಳಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು. ಅವರು ಬಿಟ್ಟುಹೋದ ಆಸ್ತಿಯನ್ನು ಎಣಿಸಲು ಹೊರಟರೆ ನೆಲ, ಮನೆ, ಚಿನ್ನಗಳ ಪಟ್ಟಿ ಬೇಗನೆ ಮುಗಿದುಹೋಗುತ್ತದೆ. ಆದರೆ ಅವರ ನಂತರ ಬಂದ ವಿದ್ವಾಂಸರೆಲ್ಲ ಅವರು ಹಾಕಿದ ಅಡಿಗಲ್ಲಿನ ಮೇಲೆಯೇ ಕಟ್ಟಿದರು. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದ ಹಿಂದೆ, ಡಾ. ಎಂ.ಎಂ. ಕಲಬುರ್ಗಿಯವರು ಮತ್ತು ಅವರ ಸಹವಿದ್ವಾಂಸರ ಶ್ರಮದ ಹಿಂದೆ, ಎಪ್ಪತ್ತು ವರ್ಷಗಳ ಮೊದಲು ಬಂದ ವಚನಶಾಸ್ತ್ರಸಾರವಿದೆ. ಇಂದು ನಮ್ಮ ಮಕ್ಕಳು ಶಾಲೆಯ ಪಠ್ಯದಲ್ಲಿ ವಚನ ಓದುತ್ತಾರೆ, ಸಂಗೀತಗಾರರು ಸಭೆಗಳಲ್ಲಿ ಹಾಡುತ್ತಾರೆ, ಶ್ರೀಮಠದ ಪ್ರಾರ್ಥನೆಯಲ್ಲಿ ನಾವೆಲ್ಲರೂ ಒಕ್ಕೊರಲಿನಿಂದ ನುಡಿಯುತ್ತೇವೆ. ಆ ಪ್ರತಿಯೊಂದು ಸಂದರ್ಭದಲ್ಲಿಯೂ ಹಳಕಟ್ಟಿಯವರ ಶ್ರಮ ನಮಗರಿವಿಲ್ಲದೆಯೇ ಹಾಜರಿರುತ್ತದೆ.

ನಮ್ಮ ಮನೆಯ ಮಕ್ಕಳು

ಈ ಚರಿತ್ರೆಯನ್ನು ಈಗ ಬರೆಯಲು ಕಾರಣವಿದೆ. ಪ್ರತಿವರ್ಷ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅನೇಕ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಶ್ರೀಮಠಕ್ಕೆ ಬರುತ್ತಾರೆ. ಮುಂದೇನು ಓದಿಸಬೇಕೆಂದು ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿ ಯಾವ ಓದಿಗೆ ಎಷ್ಟು ಸಂಬಳ ಎಂಬ ಲೆಕ್ಕ ಇದ್ದೇ ಇರುತ್ತದೆ. ಆ ಲೆಕ್ಕ ತಪ್ಪೆಂದು ನಾವು ಹೇಳಲಾರೆವು. ಸಾಲ ಮಾಡಿ ಓದಿಸಿದ ರೈತನಿಗೆ ಮಗನ ಸಂಬಳ ಮುಖ್ಯವಾಗುವುದು ಸಹಜ. ಹಸಿದ ಹೊಟ್ಟೆಗೆ ಆನಂದದ ಪಾಠ ಹೇಳುವುದು ಧರ್ಮವಲ್ಲ. ಆದರೆ ಪಕ್ಕದಲ್ಲಿ ತಲೆತಗ್ಗಿಸಿ ನಿಂತ ಮಗುವನ್ನು ನಿನಗೇನು ಇಷ್ಟ ಎಂದು ಕೇಳಿದಾಗ, ಉತ್ತರ ಹೇಳುವ ಮೊದಲು ಅದು ತಂದೆಯ ಮುಖವನ್ನು ನೋಡುತ್ತದೆ. ಆ ನೋಟ ನಮ್ಮನ್ನು ಚಿಂತೆಗೆ ಹಚ್ಚುತ್ತದೆ. ಕನ್ನಡ ಓದಬೇಕು, ಇತಿಹಾಸ ಓದಬೇಕು, ಸಂಗೀತ ಕಲಿಯಬೇಕು, ಬೇಸಾಯ ಮಾಡಬೇಕು ಎನ್ನುವ ಮಗುವನ್ನು ಗದರಿಸಿ ಕಳುಹಿಸುವ ನಾವೇ ಜುಲೈ 2ರಂದು ಹಳಕಟ್ಟಿಯವರ ಭಾವಚಿತ್ರಕ್ಕೆ ಹೂಮಾಲೆ ಹಾಕುತ್ತೇವೆ. ವಿಜಯಪುರದಲ್ಲಿ ಅವರ ಹೆಸರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಇದೆ, ಸಂಶೋಧನ ಕೇಂದ್ರವೂ ಇದೆ. ಎರಡಕ್ಕೂ ಮಕ್ಕಳನ್ನು ಸಮಾನ ಸಂತೋಷದಿಂದ ಕಳುಹಿಸುವ ಮನಸ್ಸು ನಮಗೆ ಬಂದಾಗ ಮಾತ್ರ ಆ ಹೂಮಾಲೆಗೆ ಅರ್ಥ.

ತರುಣರಿಗೂ ಈ ಬದುಕು ಕೆಲವು ಮಾತುಗಳನ್ನು ಹೇಳುತ್ತದೆ. ಇಷ್ಟವಾದ ಕೆಲಸವೆಂದರೆ ಸುಲಭವಾದ ಕೆಲಸವೆಂದು ಅರ್ಥವಲ್ಲ. ಗರಿ ಗರಿಯನ್ನೂ ಬಿಡಿಸಿ ಓದುವ ಬೇಸರವನ್ನು ಸಹಿಸದವರಿಗೆ ವಚನದ ರುಚಿ ಸಿಗುತ್ತಿರಲಿಲ್ಲ. ಒಂದು ತಿಂಗಳ ಉತ್ಸಾಹವನ್ನು ಜೀವನದ ಒಲವೆಂದು ತಿಳಿಯಬಾರದು. ಕಷ್ಟ ಬಂದ ಮೇಲೂ ಕೈ ತಾನಾಗಿ ಯಾವ ಕೆಲಸದ ಕಡೆಗೆ ಹೋಗುತ್ತದೆಯೋ ಅದನ್ನು ಗಮನಿಸಬೇಕು. ಜೀವನೋಪಾಯವನ್ನು ಕೈಬಿಡುವ ಮೊದಲು ಹಳಕಟ್ಟಿಯವರಂತೆ ಎರಡನ್ನೂ ಜೊತೆಯಲ್ಲಿ ನಡೆಸಿ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಬೇಕು. ಮನೆಯವರ ಒಪ್ಪಿಗೆಯನ್ನೂ ಅವರು ಹೊರಬೇಕಾದ ಭಾರವನ್ನೂ ಮರೆಯಬಾರದು. ಶರಣರು ಕಾಯಕವೆಂದು ಕರೆದದ್ದು ಸತ್ಯಶುದ್ಧವಾದ, ಮನಸ್ಸು ತುಂಬುವ, ದಾಸೋಹಕ್ಕೂ ಒದಗುವ ದುಡಿಮೆಯನ್ನು. ಹಳಕಟ್ಟಿಯವರ ದುಡಿಮೆ ಅವರ ಮನಸ್ಸನ್ನು ತುಂಬಿತು, ನಾಡಿಗೆಲ್ಲ ದಾಸೋಹವಾಯಿತು.

ಸಮಾಜದ ಹಿರಿಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಊರಿನಲ್ಲಿ ಹಳೆಯ ಹಸ್ತಪ್ರತಿ ಓದುವವರು, ಜಾನಪದ ಸಂಗ್ರಹಿಸುವವರು, ಹಳ್ಳಿಯ ಮಕ್ಕಳಿಗೆ ಸಂಗೀತ ಕಲಿಸುವವರು, ಸಣ್ಣ ಪತ್ರಿಕೆ ನಡೆಸುವವರು ಯಾರಾದರೂ ಇದ್ದರೆ, ಅವರು ಲಿಂಗೈಕ್ಯರಾಗುವವರೆಗೆ ಕಾಯಬೇಡಿ. ಅವರ ಪುಸ್ತಕವನ್ನು ಹಣ ಕೊಟ್ಟು ಕೊಳ್ಳಿರಿ. ಚಂದಾಹಣವನ್ನು ವೇಳೆಗೆ ಸಲ್ಲಿಸಿರಿ. ನಿಮ್ಮ ಮನೆಯ ಜಗಲಿಯ ಮೇಲೋ ಅಟ್ಟದಲ್ಲೋ ತಾಡೋಲೆಯ ಕಟ್ಟುಗಳಿದ್ದರೆ ಬಲ್ಲವರಿಗೆ ತೋರಿಸಿರಿ. ಇಷ್ಟಪಟ್ಟು ದುಡಿಯುವವರ ಬೆನ್ನಿಗೆ ಸಮಾಜ ನಿಂತರೆ, ಹಳಕಟ್ಟಿಯವರು ತೆತ್ತಷ್ಟು ಬೆಲೆಯನ್ನು ಮುಂದಿನವರು ತೆರಬೇಕಾಗುವುದಿಲ್ಲ.